ಹಳೇ ಯಮಹಾ ಟಿಡಬ್ಲ್ಯು200: ಟೈಮಿಂಗ್ ಚೈನ್ ನಮ್ಮ ಕೈಯಲ್ಲೇ ಇರುವ ಬೈಕು

ಯಮಹಾ ಟಿಡಬ್ಲ್ಯು200 ತಗೊಳ್ಳುವ ಆಸೆ ಇದ್ದರೆ 2001ಕ್ಕಿಂತ ಮೊದಲಿನ ಮಾಡೆಲ್ ಹುಡುಕಿ. ಅದರಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವುದಿಲ್ಲ, ಡ್ರಮ್ ಇರುತ್ತದೆ. ಬಣ್ಣ ಮಾಸಿರುತ್ತದೆ, ಸೀಟು ಹರಿದಿರುತ್ತದೆ. ಆದರೂ ಅದೇ ಇರಲಿ ಅನ್ನುತ್ತೇನೆ. ಯಾಕೆಂದರೆ ಆ ಎಂಜಿನ್ನಿನ ಸಿಲಿಂಡರ್ ಹಿಂದೆ, ಕಾರ್ಬುರೇಟರ್ ಪಕ್ಕದಲ್ಲಿ ಒಂದು ಸಣ್ಣ ಮುಚ್ಚಳ ಇದೆ. ಅದನ್ನು ಬಿಚ್ಚಿದರೆ ಟೈಮಿಂಗ್ ಚೈನ್, ಅಂದರೆ ವಾಲ್ವು ಸರಿಯಾದ ಹೊತ್ತಿಗೆ ತೆರೆಯುವಂತೆ ನೋಡಿಕೊಳ್ಳುವ ಎಂಜಿನ್ ಒಳಗಿನ ಚೈನು, ಎಷ್ಟು ಬಿಗಿ ಇದೆ, ಎಷ್ಟು ಸಡಿಲ ಇದೆ ಅಂತ ಕಣ್ಣಿಗೇ ಕಾಣುತ್ತದೆ. ಸರಿ ಇಲ್ಲದಿದ್ದರೆ ನಾವೇ ಸರಿ ಮಾಡಬಹುದು. ಹೊಸ ಮಾಡೆಲ್‌ಗಳಲ್ಲಿ ಈ ಕೆಲಸವನ್ನು ಒಳಗಿನ ಆಟೋಮ್ಯಾಟಿಕ್ ಟೆನ್ಷನರ್ (ಚೈನನ್ನು ಬಿಗಿ ಹಿಡಿಯುವ ಭಾಗ) ತಾನೇ ಮಾಡಿಕೊಳ್ಳುತ್ತದೆ. ಅಲ್ಲಿ ನಮಗೆ ನೋಡಲು ಏನೂ ಸಿಗುವುದಿಲ್ಲ.

ನಾನು ಇರುವುದು ಅಮೆರಿಕದ ಅರಿಝೋನಾದಲ್ಲಿ, ಫೀನಿಕ್ಸ್ ಪಕ್ಕದ ಮೇಸಾ ಊರಲ್ಲಿ. ಹುಟ್ಟಿ ಬೆಳೆದದ್ದು ದಾವಣಗೆರೆ. ಅಪ್ಪ ಲೇತ್ ಇಟ್ಟುಕೊಂಡಿದ್ದರು. ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದೆ. ಹಾಗಾಗಿ ಕಬ್ಬಿಣ, ಎಣ್ಣೆ, ನಟ್ಟು ಬೋಲ್ಟು ನನಗೆ ಹೊಸದಲ್ಲ. ಆದರೆ ಟೈಮಿಂಗ್ ಚೈನ್ ಬಿಗಿ ಮಾಡುವುದನ್ನು ಅಲ್ಲಿ ನಾನು ನೋಡಿರಲಿಲ್ಲ. ನಮ್ಮ ಬೀದಿಯಲ್ಲಿ ಆಗ ಓಡುತ್ತಿದ್ದದ್ದು ಆರ್‌ಎಕ್ಸ್100. ಅದು ಟೂ ಸ್ಟ್ರೋಕ್, ಚೈನಿನಿಂದ ನಡೆಸಬೇಕಾದ ವಾಲ್ವೇ ಇಲ್ಲ. ಬುಲೆಟ್ ಇತ್ತು, ಅದರಲ್ಲಿ ವಾಲ್ವು ತೆರೆಸುವ ಕ್ಯಾಮ್ ತಿರುಗುವುದು ಗಿಯರ್‌ನಿಂದ, ವಾಲ್ವನ್ನು ಎತ್ತುವುದು ಪುಶ್ ರಾಡ್. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ100ನಲ್ಲಿ ಟೈಮಿಂಗ್ ಚೈನ್ ಇತ್ತು. ಆದರೆ ಅದರ ಟೆನ್ಷನರ್ ಸ್ಪ್ರಿಂಗ್ ಬಲದಿಂದ ತಾನೇ ಬಿಗಿಯಾಗುವಂಥದ್ದು. ನಮ್ಮಲ್ಲಿ ಬಹಳ ಜನರಿಗೆ ಈ ಕೆಲಸ ಗೊತ್ತಿಲ್ಲದೆ ಇರುವುದು ಅದಕ್ಕೇ ಅನಿಸುತ್ತದೆ. ಮಾಡುವ ಅಗತ್ಯವೇ ಬಂದಿರಲಿಲ್ಲ.

ಬೈಕಿನ ಬಗ್ಗೆ ನಾಲ್ಕು ಮಾತು. ಟಿಡಬ್ಲ್ಯು200 ಅಮೆರಿಕಕ್ಕೆ ಬಂದದ್ದು 1987ರಲ್ಲಿ. 196 ಸಿಸಿ, ಒಂದೇ ಸಿಲಿಂಡರ್, ಗಾಳಿಯಿಂದ ತಣ್ಣಗಾಗುವ ಎಂಜಿನ್. ಕ್ಯಾಮ್ ಮೇಲೆ ಹೆಡ್‌ನಲ್ಲಿದೆ, ಎರಡು ವಾಲ್ವು, ಐದು ಗಿಯರ್. ಬೋರು 67 ಮಿಲಿಮೀಟರ್, ಸ್ಟ್ರೋಕ್ 55.7. ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಟೈರು. ಹಿಂದಿನದು 180/80-14, ಮುಂದಿನದು 130/80-18. ಇಷ್ಟು ಸಣ್ಣ ಎಂಜಿನ್ನಿಗೆ ಇಷ್ಟು ದಪ್ಪ ಟೈರು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿಯ ಒಣ ಹಳ್ಳಗಳ ಮರಳಿಗೆ ಇಳಿದರೆ ಉತ್ತರ ಗೊತ್ತಾಗುತ್ತದೆ. ಬೀಲೈನ್ ಹೆದ್ದಾರಿ ಬಿಟ್ಟು ಸಿಕಮೋರ್ ಕ್ರೀಕ್ ಕಡೆ ತಿರುಗಿದರೆ ಮರಳೋ ಮರಳು. ತೆಳು ಟೈರಿನ ಬೈಕು ಅಲ್ಲಿ ಹೂತುಕೊಂಡು ನಿಲ್ಲುತ್ತದೆ. ಇದು ಮೆಲ್ಲಗೆ, ಆದರೆ ನಿಲ್ಲದೆ ಹೋಗುತ್ತದೆ. ಸೀಟು ಎತ್ತರ ಇಲ್ಲ. ನನ್ನ ಎತ್ತರಕ್ಕೂ ಎರಡು ಕಾಲು ನೆಲಕ್ಕೆ ಚೆನ್ನಾಗಿ ಸಿಗುತ್ತವೆ. ಹೆದ್ದಾರಿಯಲ್ಲಿ ಇದರ ಸಂಗತಿ ಬೇರೆ. ದೊಡ್ಡ ಲಾರಿಗಳ ಮಧ್ಯೆ ಇದನ್ನು ಓಡಿಸಬೇಡಿ. ಅಷ್ಟು ಹೇಳಿದರೆ ಸಾಕು.

ನಾನು ತಗೊಂಡದ್ದು ತೊಂಬತ್ತರ ದಶಕದ ಬೈಕು. ಮಾರಿದವರು ವಯಸ್ಸಾದವರು, ಬೈಕನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದರು. ಸ್ಟಾರ್ಟ್ ಮಾಡಿ ತೋರಿಸಿದರು. ಎಂಜಿನ್ನಿನ ಎಡಗಡೆಯಿಂದ ಒಂಚೂರೂ ಗಲಾಟೆ ಇರಲಿಲ್ಲ. ಹಳೇ ಎಂಜಿನ್ನು ಇಷ್ಟು ಸುಮ್ನೆ ಇದೆಯಲ್ಲ ಅಂತ ಖುಷಿಯಾಯಿತು. ಮನೆಗೆ ತಂದು ಆ ಮುಚ್ಚಳ ಬಿಚ್ಚಿದಾಗ ಬೇರೆ ಕತೆ ಇತ್ತು. ಎಂಜಿನ್ ಓಡುವಾಗ ಮಿಡಿಯಬೇಕಾದ ಟೆನ್ಷನರ್ ಒಳಗಿನ ರಾಡು ಅಲ್ಲಾಡುತ್ತಲೇ ಇರಲಿಲ್ಲ. ಯಾರೋ ಚೈನು ಬಿಗಿ ಮಾಡುವ ಅಡ್ಜಸ್ಟರನ್ನು ಸದ್ದು ನಿಲ್ಲುವವರೆಗೆ ತಿರುಗಿಸಿ, ಅದರ ಮೇಲೆ ಇನ್ನಷ್ಟು ತಿರುಗಿಸಿ ಬಿಟ್ಟಿದ್ದರು. ಚೈನು ವಿಪರೀತ ಬಿಗಿ ಇತ್ತು.

ಈ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಡಿಲ ಚೈನಿನ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಬಿಗಿ ಚೈನಿನ ತೊಂದರೆ ಸುಲಭಕ್ಕೆ ಕೇಳಿಸುವುದಿಲ್ಲ. ಆದರೆ ಎರಡೂ ಎಂಜಿನ್ ತಿನ್ನುತ್ತವೆ.

ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಮೇಲಿನ ಕ್ಯಾಮ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಕಟ್ಟಿ ಹಿಡಿದಿರುವುದು ಟೈಮಿಂಗ್ ಚೈನು. ಓಡಿ ಓಡಿ ಚೈನು ಉದ್ದವಾಗುತ್ತದೆ. ಕಬ್ಬಿಣ ಎಳೆದುಕೊಂಡು ಉದ್ದವಾಗುವುದಲ್ಲ. ಪ್ರತಿ ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೆಯುತ್ತದೆ. ಅಷ್ಟೂ ಕೊಂಡಿಗಳ ಸವೆತ ಸೇರಿ ಚೈನು ಜೋತು ಬೀಳುತ್ತದೆ. ಮುಂದಿನ ಕಡೆಯ ಚೈನು ಕ್ಯಾಮನ್ನು ಎಳೆಯುವ ಕಡೆ, ಅದು ಯಾವಾಗಲೂ ಬಿಗಿಯಾಗಿರುತ್ತದೆ. ಹಿಂದಿನ ಕಡೆ ಸಡಿಲ ಉಳಿಯುತ್ತದೆ. ಟೆನ್ಷನರನ್ನು ಹಿಂದೆ ಇಟ್ಟಿರುವುದು ಅದಕ್ಕೇ. ಅದು ರಬ್ಬರ್ ಮೈಯ ಒಂದು ಪಟ್ಟಿಯನ್ನು ಚೈನಿನ ಮೇಲೆ ಒತ್ತಿ ಹಿಡಿಯುತ್ತದೆ.

ಸಡಿಲ ಜಾಸ್ತಿಯಾದರೆ ಐಡಲ್‌ನಲ್ಲಿ ಸಿಲಿಂಡರಿನ ಎಡಗಡೆಯಿಂದ ಗರಗರ ಸದ್ದು ಬರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮತ್ತು ಆಕ್ಸಿಲರೇಟರ್ ಬಿಟ್ಟಾಗ ಅದು ಜೋರಾಗುತ್ತದೆ. ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಂದು ಹೊಂದಿಸುವ ಸ್ಕ್ರೂ) ಸದ್ದು ಹೀಗಿರುವುದಿಲ್ಲ. ಅದು ಹೆಡ್‌ನಿಂದ ಬರುತ್ತದೆ, ಟಿಕ್ ಟಿಕ್ ಅಂತ ಒಂದೇ ಸಮ, ಎಂಜಿನ್ ವೇಗ ಏರಿದಂತೆ ಬೇಗ ಬೇಗ. ಬಹಳ ಜನ ಚೈನಿನ ಸದ್ದಿಗೆ ಟ್ಯಾಪೆಟ್ ಬಿಗಿ ಮಾಡಿ ವಾಲ್ವು ಸುಟ್ಟುಕೊಳ್ಳುತ್ತಾರೆ. ಚೈನು ಇನ್ನೂ ಸಡಿಲವಾದರೆ ಒಳಗಿನ ಗೋಡೆಗೆ ತಾಗಿ ಅಲ್ಯೂಮಿನಿಯಂ ಕೆರೆಯುತ್ತದೆ. ಆ ಪುಡಿ ಎಣ್ಣೆಗೆ ಸೇರುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಚೈನು ಸ್ಪ್ರಾಕೆಟ್ಟಿನ (ಹಲ್ಲುಚಕ್ರದ) ಹಲ್ಲು ದಾಟಿ ಹಾರಿ ಟೈಮಿಂಗೇ ತಪ್ಪುತ್ತದೆ.

ಬಿಗಿ ಜಾಸ್ತಿಯಾದರೆ? ಚೈನು ರಬ್ಬರ್ ಪಟ್ಟಿಯನ್ನು ಕೊರೆಯುತ್ತಾ ಹೋಗುತ್ತದೆ. ಪಿನ್ನುಗಳ ಮೇಲೆ ಯಾವಾಗಲೂ ಎಳೆತ ಇರುವುದರಿಂದ ಚೈನೇ ಬೇಗ ಸವೆಯುತ್ತದೆ. ಕ್ಯಾಮ್ ಬೇರಿಂಗ್ ಮೇಲೂ ಭಾರ ಬೀಳುತ್ತದೆ. ಗಮನ ಕೊಟ್ಟು ಕೇಳಿದರೆ ಒಂದು ಸಣ್ಣ ಗುಂಯ್ ಅನ್ನುವ ದನಿ ಸಿಗಬಹುದು. ಆದರೆ ಎಕ್ಸಾಸ್ಟ್ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ. ಹಾಗಾಗಿ ಕಿವಿಯೊಂದನ್ನೇ ನಂಬಿ ಈ ಕೆಲಸ ಮಾಡಬಾರದು. ಈ ಹಳೇ ಟಿಡಬ್ಲ್ಯು ನನಗೆ ಇಷ್ಟವಾಗುವುದು ಇಲ್ಲೇ. ಅದು ಕಣ್ಣಿಗೆ ಒಂದು ಗುರುತು ಕೊಡುತ್ತದೆ.

ಕೆಲಸ ಹೇಗೆ ಅಂತ ಹೇಳುತ್ತೇನೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಇಲ್ಲಿ ಬೇಸಿಗೆಯಲ್ಲಿ 43 ಡಿಗ್ರಿ ದಾಟುತ್ತದೆ, ಅದಕ್ಕೆ ನಾನು ಬೆಳಗಿನ ಜಾವ ಮಾಡುತ್ತೇನೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಎಂಜಿನ್ ಕೈಯಿಂದ ತಿರುಗಿಸುವುದು ಸಲೀಸು. ಎಡಗಡೆ ಕವರ್ ಮೇಲೆ ಎರಡು ಮುಚ್ಚಳ ಇವೆ. ಒಂದು ದೊಡ್ಡದು, ಅದರೊಳಗೆ ಕ್ರ್ಯಾಂಕಿನ ತುದಿಯ ಮ್ಯಾಗ್ನೆಟ್ ನಟ್ಟು ಸಿಗುತ್ತದೆ. ಇನ್ನೊಂದು ಚಿಕ್ಕದು, ಅದರಲ್ಲಿ ಇಣುಕಿದರೆ ಟೈಮಿಂಗ್ ಗುರುತು ಕಾಣುತ್ತದೆ. ನಟ್ಟಿಗೆ ಸ್ಪ್ಯಾನರ್ ಹಾಕಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ತಿರುಗಿಸಬೇಕು. ಎಂಜಿನ್ ಓಡುವುದೂ ಅದೇ ದಿಕ್ಕಿಗೆ. ಹಾಗೆ ತಿರುಗಿಸಿದರೆ ಮಾತ್ರ ಮುಂದಿನ ಚೈನು ಬಿಗಿಯಾಗಿ, ಸಡಿಲವೆಲ್ಲ ಟೆನ್ಷನರ್ ಕಡೆಗೆ ಬರುತ್ತದೆ. ಗುರುತು ದಾಟಿ ಹೋಯಿತು ಅಂತ ವಾಪಸ್ ತಿರುಗಿಸಬೇಡಿ. ಇನ್ನೊಂದು ಸುತ್ತು ಮುಂದೆ ತನ್ನಿ.

ಟಿ ಗುರುತು ಸರಿಯಾಗಿ ಕೂತಾಗ ಪಿಸ್ಟನ್ ಮೇಲೆ ಬಂದಿರುತ್ತದೆ. ಆದರೆ ಅದು ಕಂಪ್ರೆಷನ್ ಸ್ಟ್ರೋಕಿನದೇ (ಎರಡೂ ವಾಲ್ವು ಮುಚ್ಚಿರುವ ಸುತ್ತಿನದೇ) ಆಗಿರಬೇಕು. ಟ್ಯಾಪೆಟ್ ಮುಚ್ಚಳ ಬಿಚ್ಚಿ ಎರಡೂ ರಾಕರ್ ಅಲ್ಲಾಡಿಸಿ ನೋಡಿ. ಎರಡೂ ಸ್ವಲ್ಪ ಆಡಿದರೆ ಸರಿ. ಒಂದು ಬಿಗಿ ಇದ್ದರೆ ಇನ್ನೊಂದು ಸುತ್ತು ತಿರುಗಿಸಿ.

ಈಗ ಸಿಲಿಂಡರ್ ಹಿಂದಿನ ಮುಚ್ಚಳ. ಕಾರ್ಬುರೇಟರ್ ಇರುವುದರಿಂದ ಕೈ ಆಡಿಸಲು ಜಾಗ ಕಡಿಮೆ, ತಾಳ್ಮೆ ಬೇಕು. ಮುಚ್ಚಳದೊಳಗೆ ಒಂದು ಓ-ರಿಂಗ್ ಇರುತ್ತದೆ. ಗಟ್ಟಿಯಾಗಿದ್ದರೆ ಬದಲಾಯಿಸಿ, ಇಲ್ಲದಿದ್ದರೆ ಎಣ್ಣೆ ಜಿನುಗಿ ಎಂಜಿನ್ನಿನ ಮೇಲೆಲ್ಲ ಧೂಳು ಮೆತ್ತುತ್ತದೆ. ಮುಚ್ಚಳ ತೆಗೆದರೆ ಅಡ್ಜಸ್ಟರ್ ಕಾಣುತ್ತದೆ. ಅದು ಟೊಳ್ಳು ಬೋಲ್ಟಿನ ಹಾಗೆ. ಅದರ ಮಧ್ಯದಲ್ಲಿ ರಾಡಿನ ತುದಿ ಇದೆ. ಆ ರಾಡನ್ನು ಒಳಗಿನಿಂದ ಸ್ಪ್ರಿಂಗ್ ತಳ್ಳುತ್ತಿರುತ್ತದೆ. ಚೆಕ್ ನಟ್ (ಅಡ್ಜಸ್ಟರ್ ಕದಲದಂತೆ ಹಿಡಿಯುವ ನಟ್ಟು) ಸಡಿಲಿಸಿ, ಅಡ್ಜಸ್ಟರನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ರಾಡಿನ ತುದಿಯೂ ಅಡ್ಜಸ್ಟರಿನ ತುದಿಯೂ ಒಂದೇ ಮಟ್ಟಕ್ಕೆ ಬರುವ ಹಾಗೆ ಮಾಡಬೇಕು. ರಾಡು ಹೊರಗೆ ಚಾಚಿಕೊಂಡಿರಬಾರದು, ಒಳಗೆ ಹೂತಿರಲೂಬಾರದು. ನಾನು ಅಪ್ಪನ ಹಳೇ ಸ್ಟೀಲ್ ಸ್ಕೇಲಿನ ಅಂಚು ಇಟ್ಟು ನೋಡುತ್ತೇನೆ. ಉಗುರು ಆಡಿಸಿದರೂ ಗೊತ್ತಾಗುತ್ತದೆ.

ಚೆಕ್ ನಟ್ ಬಿಗಿ ಮಾಡುವಾಗ ಅಡ್ಜಸ್ಟರ್ ಅದರ ಜೊತೆಗೇ ತಿರುಗಿಬಿಡುತ್ತದೆ. ಒಂದು ಸ್ಪ್ಯಾನರಿನಿಂದ ಅಡ್ಜಸ್ಟರ್ ಹಿಡಿದುಕೊಂಡು ಇನ್ನೊಂದರಿಂದ ನಟ್ಟು ಬಿಗಿ ಮಾಡಿ. ಆಮೇಲೆ ಮತ್ತೊಮ್ಮೆ ಮಟ್ಟ ನೋಡಿ. ಎಂಜಿನ್ನಿನ ಮೈ ಎಲ್ಲ ಅಲ್ಯೂಮಿನಿಯಂ, ಸ್ಪ್ಯಾನರ್ ಮೇಲೆ ಮೈಭಾರ ಹಾಕಿದರೆ ಮರೆ (ಥ್ರೆಡ್ಡು) ಹಾಳಾಗಿ ಹೋಗುತ್ತದೆ. ಇನ್ನೊಂದು ಮಾತು ಬಹಳ ಮುಖ್ಯ: ಎಂಜಿನ್ ಓಡುತ್ತಿರುವಾಗ ಅಡ್ಜಸ್ಟರನ್ನು ಮುಟ್ಟಬೇಡಿ. ಹಿಂದಕ್ಕೆ ಪೂರ್ತಿ ಸಡಿಲಿಸಿ ಎಂಜಿನ್ ತಿರುಗಿಸಲೂಬೇಡಿ. ಚೈನು ಹಲ್ಲು ಹಾರುವುದು ಅಂಥ ಹೊತ್ತಿನಲ್ಲೇ.

ಆಮೇಲೆ ನನಗೆ ಬಹಳ ಇಷ್ಟವಾದ ಭಾಗ. ಪ್ಲಗ್ ಹಾಕಿ, ಎಡಗಡೆ ಮುಚ್ಚಳಗಳನ್ನೆಲ್ಲ ಮುಚ್ಚಿ, ಹಿಂದಿನ ಮುಚ್ಚಳ ಮಾತ್ರ ತೆರೆದಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ. ಕೆಳಗೆ ಬಟ್ಟೆ ಇಡಿ, ಸ್ವಲ್ಪ ಎಣ್ಣೆ ಜಿನುಗಬಹುದು. ಟಾರ್ಚ್ ಹಾಕಿ ರಾಡನ್ನು ನೋಡಿ. ಐಡಲ್‌ನಲ್ಲಿ ಅದು ಸಣ್ಣಗೆ ಒಳಗೆ ಹೊರಗೆ ಮಿಡಿಯುತ್ತಿರಬೇಕು. ಪ್ರತಿ ಸಲ ವಾಲ್ವ್ ಸ್ಪ್ರಿಂಗ್ ಕ್ಯಾಮನ್ನು ತಳ್ಳಿದಾಗ ಚೈನಿನ ಎಳೆತ ಏರಿಳಿಯುತ್ತದೆ. ಆ ಏರಿಳಿತವೇ ರಾಡಿನಲ್ಲಿ ಕಾಣುವುದು. ರಾಡು ಕಲ್ಲಿನ ಹಾಗೆ ನಿಂತಿದ್ದರೆ ಚೈನು ಬಿಗಿ ಅಥವಾ ರಾಡು ಸಿಕ್ಕಿಹಾಕಿಕೊಂಡಿದೆ. ಜೋರಾಗಿ ಜಿಗಿಯುತ್ತಿದ್ದರೆ ಸಡಿಲ, ಇಲ್ಲವೇ ಸ್ಪ್ರಿಂಗ್ ಸತ್ತಿದೆ. ಹಿಂದೆ ಹೇಳಿದ ಆ ಬಿಗಿ ಚೈನನ್ನು ನಾನು ಸರಿ ಮಾಡಿದ ಮೇಲೆ ಎಂಜಿನ್ನಿನಲ್ಲಿ ಮೊದಲಿಗಿಂತ ಒಂಚೂರು ಸದ್ದು ಬಂತು. ಅದೇ ಅದರ ಸಹಜ ಸದ್ದು. ಮನೆಯವರು ಕೇಳಿ, "ಇದೇನು, ಮೊದಲೇ ಚೆನ್ನಾಗಿತ್ತಲ್ಲ" ಅಂದರು. ಟಾರ್ಚ್ ಕೊಟ್ಟು ರಾಡು ತೋರಿಸಿದೆ. ನೋಡಿದ ಮೇಲೆ ಒಪ್ಪಿಕೊಂಡರು.

ಆ ದಿನವೇ ಟ್ಯಾಪೆಟ್ ಕೂಡ ನೋಡಿಬಿಡಿ, ಹೇಗೂ ಮುಚ್ಚಳ ಬಿಚ್ಚಿರುತ್ತೀರಿ. ತಣ್ಣಗಿರುವಾಗ ಸಂದು ಇನ್‌ಲೆಟ್ ವಾಲ್ವಿಗೆ 0.05ರಿಂದ 0.09 ಮಿಲಿಮೀಟರ್, ಎಕ್ಸಾಸ್ಟ್ 0.11ರಿಂದ 0.15. ಇದಕ್ಕೆ ಒಳ್ಳೆಯ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತಗೊಳ್ಳಿ. ತುಕ್ಕು ಹಿಡಿದ ಹಳೇ ಗೇಜಿನಲ್ಲಿ ಇಷ್ಟು ಸಣ್ಣ ಅಳತೆ ಬರುವುದಿಲ್ಲ. ಮೊದಲು ಚೈನು, ಆಮೇಲೆ ಟ್ಯಾಪೆಟ್. ನನ್ನ ಮಗಳು ಈಗ ಗೇಜು ಹಿಡಿಯುತ್ತಾಳೆ. "ಅಮ್ಮ, ಇದು ಎಳೆದರೆ ಬರುತ್ತೆ, ತಳ್ಳಿದರೆ ಹೋಗಲ್ಲ" ಅಂತಾಳೆ. ತೆಳು ಎಲೆಯ ಗೇಜು ಹಾಗೆ, ತಳ್ಳಿದರೆ ಬಾಗುತ್ತದೆ. ಎಳೆದೇ ನೋಡಬೇಕು ಅನ್ನುವುದು ಅವಳಿಗೆ ಕೈಗೇ ಗೊತ್ತಾಗಿದೆ.

ಇನ್ನು ಎಣ್ಣೆ. ಈ ಎಂಜಿನ್ನಿಗೆ ಒಂದು ಸಲಕ್ಕೆ ಹಿಡಿಯುವುದು ಸುಮಾರು ಒಂದು ಲೀಟರ್ ಎಣ್ಣೆ. ಅಷ್ಟೇ ಎಣ್ಣೆ ಗಿಯರು, ಕ್ಲಚ್ಚು, ಕ್ಯಾಮು, ಚೈನು ಎಲ್ಲವನ್ನೂ ನೋಡಿಕೊಳ್ಳಬೇಕು. ಜೊತೆಗೆ ಗಾಳಿಯಿಂದ ತಣ್ಣಗಾಗುವ ಎಂಜಿನ್ನು, ಮರಳಿನಲ್ಲಿ ಮೆಲ್ಲಗೆ ಹೋಗುವಾಗ ಗಾಳಿಯೂ ತಾಗುವುದಿಲ್ಲ. ಚೈನು ಬೇಗ ಉದ್ದವಾಗುವುದು ಹಳಸಿದ ಎಣ್ಣೆಯಿಂದ. ಎಣ್ಣೆ ಬೇಗ ಬೇಗ ಬದಲಾಯಿಸಿದರೆ ಅಡ್ಜಸ್ಟರ್ ತಿರುಗಿಸುವ ಕೆಲಸವೇ ಅಪರೂಪವಾಗುತ್ತದೆ. ನಾನು ಎಣ್ಣೆ ಬದಲಾಯಿಸುವಾಗಲೆಲ್ಲ ರಾಡು ನೋಡುತ್ತೇನೆ. ಬಹಳ ಸಲ ಏನೂ ಮಾಡದೆ ಮುಚ್ಚಳ ಹಾಕುತ್ತೇನೆ.

ಹಾಗಾದರೆ ಆಟೋಮ್ಯಾಟಿಕ್ ಟೆನ್ಷನರ್ ಕೆಟ್ಟದ್ದಾ? ಖಂಡಿತ ಇಲ್ಲ. ಬೈಕಿಗೆ ಕೈ ಹಾಕದೆ ಬರೀ ಓಡಿಸುವವರಿಗೆ ಅದೇ ಒಳ್ಳೆಯದು. ಕೈಯಿಂದ ಮಾಡುವ ಟೆನ್ಷನರನ್ನು ಮರೆತುಬಿಟ್ಟರೆ ಅದು ನಿಮಗಾಗಿ ಏನೂ ಮಾಡುವುದಿಲ್ಲ. ಆಟೋಮ್ಯಾಟಿಕ್ ಆದರೆ ಚೈನು ಸಡಿಲವಾದಷ್ಟೂ ಹಲ್ಲು ಹಲ್ಲು ಮುಂದೆ ಹೋಗಿ ಹಿಡಿದುಕೊಳ್ಳುತ್ತದೆ, ತಾನಾಗಿ ವಾಪಸ್ ಬರುವುದಿಲ್ಲ. ನನ್ನ ಬೇಸರ ಏನೆಂದರೆ, ಅದು ಎಷ್ಟು ಮುಂದೆ ಹೋಗಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಚೈನು ಮುಗಿಯುತ್ತಾ ಬಂದಿದೆ ಅನ್ನುವ ಸುದ್ದಿ ಸದ್ದು ಬಂದ ಮೇಲೇ ಸಿಗುತ್ತದೆ. ಹಳೇ ಟಿಡಬ್ಲ್ಯುನಲ್ಲಿ ಅಡ್ಜಸ್ಟರ್ ವರ್ಷದಿಂದ ವರ್ಷಕ್ಕೆ ಎಷ್ಟು ಒಳಗೆ ಹೋಗುತ್ತಿದೆ ಅಂತ ಹೊರಗೇ ಕಾಣುತ್ತದೆ. ಚೆಕ್ ನಟ್ಟಿನ ಹಿಂದೆ ಉಳಿದ ಥ್ರೆಡ್ಡು ನೋಡಿದರೆ ಚೈನಿನ ಆಯುಸ್ಸು ಅಂದಾಜಿಗೆ ಸಿಗುತ್ತದೆ. ಊರಿಂದ ದೂರ, ಫೋರ್ ಪೀಕ್ಸ್ ಬೆಟ್ಟದ ಮಣ್ಣು ರಸ್ತೆಯಲ್ಲಿ, ಫೋನ್ ಸಿಗ್ನಲ್ ಇಲ್ಲದ ಕಡೆ ಓಡಾಡುವವಳಿಗೆ ಆ ಅಂದಾಜು ಬಹಳ ದೊಡ್ಡದು.

ಕೊರತೆಗಳೂ ಇವೆ. ಆ ಮುಚ್ಚಳದ ಜಾಗ ನಿಜಕ್ಕೂ ಇಕ್ಕಟ್ಟು. ಇನ್ನೊಂದಿಷ್ಟು ಹೊರಗೆ ಇಟ್ಟಿದ್ದರೆ ಹೆಚ್ಚು ಜನ ನೋಡುತ್ತಿದ್ದರು, ಸರಿ ಮಾಡುತ್ತಿದ್ದರು. ಮುಂದಿನ ಡ್ರಮ್ ಬ್ರೇಕು ಇಳಿಜಾರಿನಲ್ಲಿ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಉದ್ದದ ಇಳಿಜಾರಿಗೆ ಮೊದಲೇ ಗಿಯರ್ ಇಳಿಸಿಕೊಳ್ಳಿ. ಪೆಟ್ರೋಲ್ ಟ್ಯಾಂಕು ಚಿಕ್ಕದು, ಏಳು ಲೀಟರಿನ ಆಸುಪಾಸು. ಹೆಡ್‌ಲೈಟ್ ಸಾಲದು. ಚೈನು ಪೂರ್ತಿ ಮುಗಿದು ಬದಲಾಯಿಸುವ ದಿನ ಬಂದರೆ ಮಾತ್ರ ಎಡಗಡೆ ಕವರ್, ಮ್ಯಾಗ್ನೆಟ್ ಎಲ್ಲ ಬಿಚ್ಚಬೇಕಾಗುತ್ತದೆ. ಮ್ಯಾಗ್ನೆಟ್ ಎಳೆದು ತೆಗೆಯುವ ಪುಲ್ಲರ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ, ಸುತ್ತಿಗೆ ಏಟು ಅದಕ್ಕೆ ಆಗುವುದಿಲ್ಲ. ಚೈನು ಹಾಕುವಾಗ ಅದರ ಹಿಂದೆ ಮುಂದೆ ತಾಗಿಕೊಂಡಿರುವ ಎರಡೂ ಗೈಡ್ ಪಟ್ಟಿಗಳನ್ನೂ ಹೊಸದು ಹಾಕಿ. ಹಳೇ ಪಟ್ಟಿಯಲ್ಲಿ ಹಳೇ ಚೈನು ಕೊರೆದ ಗೀರು ಇರುತ್ತದೆ.

ಬಿಡಿಭಾಗದ ವಿಷಯದಲ್ಲಿ ಈ ಬೈಕಿನ ಪುಣ್ಯ ದೊಡ್ಡದು. ಮೂಲ ವಿನ್ಯಾಸ ಹೆಚ್ಚು ಬದಲಾಗದೆ ದಶಕಗಟ್ಟಲೆ ಮಾರಾಟದಲ್ಲಿರುವ ಬೈಕು ಇದು. ಜಪಾನಿನಲ್ಲಂತೂ 2000ದ ಹೊತ್ತಿಗೆ ಒಂದು ಟಿವಿ ಧಾರಾವಾಹಿಯ ನಾಯಕ ಇದನ್ನು ಓಡಿಸಿದ್ದೇ ತಡ, ಹುಡುಗರು ಮುಗಿಬಿದ್ದು ತಗೊಂಡು ಪಟ್ಟಣದ ಬೀದಿಗೆ ತಕ್ಕ ಹಾಗೆ ಕತ್ತರಿಸಿ ಜೋಡಿಸಿ ಓಡಿಸಿದರು. ಹಾಗಾಗಿ ಓ-ರಿಂಗು, ಗ್ಯಾಸ್ಕೆಟ್ಟು, ಚೈನು ಎಲ್ಲ ಸಿಗುತ್ತವೆ. ಟೆನ್ಷನರ್ ಭಾಗ ತರಿಸುವಾಗ ಬೈಕಿನ ವರ್ಷ ಸರಿಯಾಗಿ ಹೇಳಿ. ಹಳೆಯದು ಬೇರೆ, 2001ರ ನಂತರದ್ದು ಬೇರೆ.

ಕೊಳ್ಳಲು ಹೋದಾಗ ನೀವು ಮಾಡಬೇಕಾದದ್ದು ಇಷ್ಟು. ಎಂಜಿನ್ ತಣ್ಣಗೆ ಇಟ್ಟಿರಲು ಮಾರುವವರಿಗೆ ಮೊದಲೇ ಫೋನ್ ಮಾಡಿ ಹೇಳಿ. ಬಿಸಿ ಎಂಜಿನ್ನಿನಲ್ಲಿ ಚೈನಿನ ಸದ್ದು ಅರ್ಧ ಅಡಗಿರುತ್ತದೆ. ಮೊದಲ ಸ್ಟಾರ್ಟನ್ನು ನೀವೇ ಎಡಗಡೆ ನಿಂತು ಕೇಳಿ. ಆಮೇಲೆ ಹಿಂದಿನ ಮುಚ್ಚಳ ಬಿಚ್ಚಿ ರಾಡು ನೋಡಬಹುದಾ ಅಂತ ಕೇಳಿ. ಸ್ಪ್ಯಾನರ್, ಟಾರ್ಚು, ಬಟ್ಟೆ ನೀವೇ ತಗೊಂಡು ಹೋಗಿ. ಅಡ್ಜಸ್ಟರ್ ಇನ್ನು ಒಳಗೆ ಹೋಗಲು ಜಾಗ ಇಲ್ಲ ಅನ್ನುವಷ್ಟು ಹೋಗಿದ್ದರೆ ಚೈನು ಮತ್ತು ಗೈಡ್ ಪಟ್ಟಿಗಳ ಖರ್ಚನ್ನು ಬೆಲೆಯಿಂದ ಕಳೆದು ಕೇಳಿ. ಮುಚ್ಚಳ ಬಿಚ್ಚಲು ಅವರು ಒಪ್ಪದಿದ್ದರೂ ಅಷ್ಟೇ ಕಳೆದು ಕೇಳಿ.